ಹಿಮಾಲಯದಲ್ಲಿ ವಸಂತಾರಂಭದ ಹಿಮಚಾರಣ

ಚಳಿಗಾಲದ ಹಿಮ ಕರಗಿ ಮುಗಿಯುವ ಮೊದಲೇ ಬೆಟ್ಟದ ಕಾಲುದಾರಿಗಳಲ್ಲಿ ಕೈಗೊಳ್ಳುವ ಚಾರಣ. ಪಶ್ಚಿಮ ಹಿಮಾಲಯದಲ್ಲಿ, ಅಂದರೆ ಉತ್ತರಾಖಂಡ, ಹಿಮಾಚಲ ಪ್ರದೇಶ ಮತ್ತು ಕಾಶ್ಮೀರದ ಬೆಟ್ಟಗಳಲ್ಲಿ, 2,500ರಿಂದ 3,800 ಮೀಟರ್ ಎತ್ತರದ ದಾರಿಗಳಿಗೆ ಈ ಕಾಲ ಸುಮಾರಾಗಿ ಫೆಬ್ರವರಿ ಕೊನೆಯಿಂದ ಏಪ್ರಿಲ್ ಕೊನೆಯವರೆಗೆ. ಅದಕ್ಕೂ ಮೇಲಿನ ಕಣಿವೆದಾರಿಗಳಲ್ಲಿ ಮೇ ಮುಗಿದರೂ ಇದೇ ಸ್ಥಿತಿ ಉಳಿದಿರುತ್ತದೆ. ಕೇದಾರಕಂಠ, ತುಂಗನಾಥ–ಚಂದ್ರಶಿಲಾ, ದಯಾರಾ ಬುಗ್ಯಾಲ್, ಬ್ರಹ್ಮತಾಲ್, ಕುವಾರಿ ಪಾಸ್, ಧರ್ಮಶಾಲಾದ ಮೇಲಿನ ತ್ರಿಯುಂಡ್, ಮಂಡಿ ಜಿಲ್ಲೆಯ ಪರಾಶರ ಸರೋವರ ಇವು ಈ ಕಾಲದ ಹೆಸರಾದ ದಾರಿಗಳು.

ನಡುಚಳಿಗಾಲದ ಹಿಮಕ್ಕೂ ವಸಂತಾರಂಭದ ಹಿಮಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. ಜನವರಿಯ ಹಿಮ ಇವತ್ತು ಹೇಗಿದೆಯೋ ನಾಳೆಯೂ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಮಾರ್ಚ್ ತಿಂಗಳ ಹಿಮ ಗಂಟೆಗೊಂದು ಗುಣ ತೋರಿಸುತ್ತದೆ. ಬೆಳಿಗ್ಗೆ ಆರಕ್ಕೆ ಬೂಟಿನ ತುದಿಯೂ ಇಳಿಯದಷ್ಟು ಗಟ್ಟಿ. ಒಂಬತ್ತಕ್ಕೆ ಹೆಜ್ಜೆಗೆ ಬೇಕಾದಷ್ಟೇ ಮೆತ್ತಗಾಗಿ ನಡೆಯಲು ಹೇಳಿ ಮಾಡಿಸಿದಂತಿರುತ್ತದೆ. ಮಧ್ಯಾಹ್ನ ಒಂದಕ್ಕೆ ಅದೇ ಜಾಗದಲ್ಲಿ ಕಾಲು ತೊಡೆಯವರೆಗೆ ಹೂತುಹೋಗುತ್ತದೆ. ಆದ್ದರಿಂದ ಈ ಚಾರಣದಲ್ಲಿ ದೂರ ಮತ್ತು ಎತ್ತರಕ್ಕಿಂತ ಹೊತ್ತು ಮುಖ್ಯ. ಎಷ್ಟು ಕಿಲೋಮೀಟರ್ ಎಂದು ಕೇಳುವ ಮೊದಲು ಎಷ್ಟು ಗಂಟೆಗೆ ಹೊರಡುವುದು ಎಂದು ಕೇಳಬೇಕು.

ಪದಗಳು

ನಮ್ಮ ನಾಡಿನಲ್ಲಿ ಹಿಮ ಬೀಳುವುದಿಲ್ಲ. ಹಾಗಾಗಿ ಕನ್ನಡದಲ್ಲಿ ಅದರ ಬಗೆಗಳಿಗೆ ಬೇರೆ ಬೇರೆ ಹೆಸರು ಬೆಳೆಯಲಿಲ್ಲ. ಮಡಿಕೇರಿಯಲ್ಲಿ ಬೆಳಗಿನ ಹೊತ್ತು ಕವಿಯುವುದೂ ‘ಮಂಜು’, ಫ್ರಿಜ್ಜಿನಲ್ಲಿ ಗಟ್ಟಿಯಾಗುವುದೂ ‘ಮಂಜು’, ಬದರಿನಾಥದ ಚಿತ್ರದಲ್ಲಿ ಕಾಣುವುದೂ ‘ಮಂಜು’. ಇದರಿಂದ ಅಷ್ಟೇನೂ ತೊಂದರೆಯಿಲ್ಲ. ಆದರೆ ನಮ್ಮ ಪತ್ರಿಕೆಗಳು ಹಿಮ ಬೀಳುವುದಕ್ಕೂ ಹಿಮರಾಶಿ ಇಳಿಜಾರಿನಿಂದ ಕಿತ್ತು ಜಾರಿ ಬರುವುದಕ್ಕೂ ‘ಹಿಮಪಾತ’ ಎಂದೇ ಬರೆಯುವುದು ನಿಜವಾದ ಗೊಂದಲಕ್ಕೆ ಎಡೆಮಾಡುತ್ತದೆ. ಮೊದಲನೆಯದು ಹವಾಮಾನ, ಎರಡನೆಯದು ಆಪತ್ತು. ಈ ಲೇಖನದಲ್ಲಿ ಆಕಾಶದಿಂದ ಬೀಳುವುದು ಹಿಮಪಾತ, ಇಳಿಜಾರಿನಿಂದ ಕುಸಿದು ಬರುವುದು ಹಿಮಕುಸಿತ.

ಗಢವಾಲಿ ಮತ್ತು ಕುಮಾವುನಿ ಭಾಷೆಗಳಲ್ಲಿ ಹಿಮಕ್ಕೆ ‘ಹ್ಯೂಂ’ ಎನ್ನುತ್ತಾರೆ. ಮರಗಳ ಗಡಿ ದಾಟಿದ ಮೇಲೆ ಸಿಗುವ ಹುಲ್ಲುಗಾವಲು ‘ಬುಗ್ಯಾಲ್’, ಬೆಟ್ಟದ ಏಣು ‘ಧಾರ್’, ಏಣಿನ ತಗ್ಗಾದ ದಾಟುಜಾಗ ‘ಖಾಲ್’, ಹಳ್ಳ ‘ಗಾಡ್’ ಅಥವಾ ‘ಗಧೇರಾ’. ದಾರಿ ತೋರಿಸುವ ಹುಡುಗ ಮುಂದೆ ಗಧೇರಾ ಇದೆ, ಬೇಗ ನಡೆಯಿರಿ ಎಂದಾಗ ಅವನು ಏನನ್ನು ಹೇಳುತ್ತಿದ್ದಾನೆ ಎಂದು ತಿಳಿಯಲು ಇಷ್ಟು ಪದಗಳಾದರೂ ಗೊತ್ತಿರಬೇಕು.

ಹಿಮ ಬರುವ ಬಗೆ

ಪಶ್ಚಿಮ ಹಿಮಾಲಯದ ಚಳಿಗಾಲದ ಹಿಮಕ್ಕೂ ನಮ್ಮ ಮುಂಗಾರಿಗೂ ಸಂಬಂಧವಿಲ್ಲ. ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಹೊರಟು, ಇರಾನ್ ಮತ್ತು ಅಫ್ಘಾನಿಸ್ತಾನಗಳ ಮೇಲೆ ಹಾದು ಬರುವ ಗಾಳಿಸುಳಿಗಳು ಅದನ್ನು ತರುತ್ತವೆ. ಹವಾಮಾನ ಇಲಾಖೆ ಇವನ್ನು ವೆಸ್ಟರ್ನ್ ಡಿಸ್ಟರ್ಬೆನ್ಸ್ ಎಂದು ಕರೆಯುತ್ತದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ತಿಂಗಳಿಗೆ ನಾಲ್ಕೈದು ಬಾರಿ ಇವು ಬಂದು ಹೋಗುವುದು ವಾಡಿಕೆ. ಒಂದು ಸುಳಿ ದಾಟಿದ ಮೇಲೆ ಮೂರು ನಾಲ್ಕು ದಿನ ತೊಳೆದಿಟ್ಟಂಥ ನೀಲಿ ಆಕಾಶ, ಮತ್ತೆ ಮುಂದಿನ ಸುಳಿ. ಅದು ಬರುವ ಮೊದಲು ಆಕಾಶದ ಎತ್ತರದಲ್ಲಿ ಹತ್ತಿ ಹಿಂಜಿದಂಥ ಮೋಡಗಳು ಹರಡುತ್ತವೆ. ಸೂರ್ಯನ ಅಥವಾ ಚಂದ್ರನ ಸುತ್ತ ಬಳೆ ಮೂಡುತ್ತದೆ. ಸೂರ್ಯನಿಗೆ ಗುಡಿ ಕಟ್ಟಿದೆ, ಮಳೆ ಬಂದೀತು ಎಂದು ನಮ್ಮ ರೈತರು ಹೇಳುವುದೂ ಇದೇ ಬಳೆಯನ್ನು ನೋಡಿ. ಮಾರ್ಚ್ ತಿಂಗಳ ಹಿಮಾಲಯದಲ್ಲಿ ಈ ಗುರುತು ಕಂಡರೆ ಒಂದೆರಡು ದಿನದೊಳಗೆ ಹಿಮ ಬೀಳುವ ಸಂಭವವಿದೆ ಎಂದೇ ಲೆಕ್ಕ ಹಾಕಬೇಕು.

ವಸಂತ ಮುಂದುವರಿದಂತೆ ಇದಕ್ಕೆ ಇನ್ನೊಂದು ಸೇರುತ್ತದೆ. ಕೆಳಗಿನ ಕಣಿವೆಗಳು ಬಿಸಿಯಾಗಿ ಮಧ್ಯಾಹ್ನದ ಹೊತ್ತಿಗೆ ಗುಡುಗಿನ ಮೋಡಗಳು ಏಳುತ್ತವೆ. ಬೆಳಿಗ್ಗೆ ಅಂಗಿಯಲ್ಲಿ ನಡೆಯುವಷ್ಟು ಬಿಸಿಲಿದ್ದ ಏಣಿನ ಮೇಲೆ ಮೂರು ಗಂಟೆಗೆ ಆಲಿಕಲ್ಲು ಬಿದ್ದು, ನಾಲ್ಕಕ್ಕೆ ಜಾಡೇ ಕಾಣದಂತೆ ಹಿಮ ಸುರಿಯಬಹುದು. ಒಂದು ಸಾವಿರ ಮೀಟರ್ ಮೇಲೇರಿದರೆ ಉಷ್ಣಾಂಶ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಕೆಳಗಿನ ಹಳ್ಳಿಯಲ್ಲಿ ಸುರಿಯುತ್ತಿರುವ ಮಳೆ ಮೇಲಿನ ಡೇರೆಯ ಮೇಲೆ ಹಿಮವಾಗಿ ಬೀಳುವುದು ಹೀಗೆ.

ರಾತ್ರಿ ಹೆಪ್ಪು, ಹಗಲು ಕರಗು

ಈ ವಿಷಯದ ತಿರುಳು ಇರುವುದು ಇಲ್ಲಿ.

ಹೊಸದಾಗಿ ಬಿದ್ದ ಒಣ ಹಿಮ ಬಹುಪಾಲು ಗಾಳಿಯೇ. ಒಂದು ಘನಮೀಟರ್ ಹಿಮ 50ರಿಂದ 100 ಕಿಲೋ ತೂಗಿದರೆ ಹೆಚ್ಚು. ದಿನ ಕಳೆದಂತೆ ಅದು ತನ್ನ ಭಾರಕ್ಕೆ ತಾನೇ ಕುಸಿದು 200–300 ಕಿಲೋಗೆ ಬರುತ್ತದೆ. ವಸಂತದಲ್ಲಿ ಬಿಸಿಲು ಬಲವಾದಾಗ ಮೇಲ್ಪದರದ ಹರಳುಗಳ ಚೂಪಾದ ಕೊಂಬೆಗಳು ಮೊದಲು ಕರಗುತ್ತವೆ. ಆ ನೀರು ಹರಳಿನಿಂದ ಹರಳಿಗೆ ಜಿನುಗಿ ರಾತ್ರಿ ಮತ್ತೆ ಹೆಪ್ಪುಗಟ್ಟುತ್ತದೆ. ಹೀಗೆ ಹತ್ತಾರು ಬಾರಿ ಕರಗಿ ಹೆಪ್ಪಾದ ಮೇಲೆ ನಕ್ಷತ್ರದಾಕಾರದ ಹರಳುಗಳ ಗುರುತೂ ಉಳಿಯುವುದಿಲ್ಲ. ಅಂಗೈಗೆ ತೆಗೆದುಕೊಂಡರೆ ನೆನೆಸಿದ ಸಬ್ಬಕ್ಕಿಯಂಥ ಉರುಟು ಕಾಳುಗಳು, ಒಂದಕ್ಕೊಂದು ಅಂಟಿಕೊಂಡ ಸಣ್ಣ ಗೊಂಚಲುಗಳು. ಬೆಳಗಿನ ಹೊತ್ತು ಈ ಗೊಂಚಲುಗಳ ನಡುವಿನ ನೀರು ಮಂಜುಗಡ್ಡೆಯಾಗಿರುವುದರಿಂದ ಇಡೀ ಪದರ ಒಂದೇ ಹಲಗೆಯಂತೆ ಭಾರ ಹೊರುತ್ತದೆ. ಬಿಸಿಲೇರಿದಂತೆ ಆ ಬೆಸುಗೆ ಬಿಡುತ್ತದೆ, ಕಾಳುಗಳು ಬಿಡಿಬಿಡಿಯಾಗುತ್ತವೆ, ಹಲಗೆ ರವೆಯಾಗುತ್ತದೆ.

ಒಂದು ಕಿಲೋ ಹಿಮವನ್ನು ಸೊನ್ನೆ ಡಿಗ್ರಿಯಲ್ಲಿ ಕರಗಿಸಲು 334 ಕಿಲೋಜೂಲ್ ಶಾಖ ಬೇಕು. ಅಷ್ಟೇ ಶಾಖ ಕೊಟ್ಟರೆ ಒಂದು ಕಿಲೋ ತಣ್ಣೀರು ಸೊನ್ನೆಯಿಂದ 80 ಡಿಗ್ರಿಯವರೆಗೆ ಕಾಯುತ್ತದೆ. ಅದಕ್ಕೇ ಹಿಮ ಒಮ್ಮೆಲೇ ಕರಗಿ ಹೋಗದೆ ವಾರಗಟ್ಟಲೆ ಈ ಎಳೆದಾಟದಲ್ಲಿ ಉಳಿಯುತ್ತದೆ. ಹೊಸ ಹಿಮ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ 80–90 ಪಾಲನ್ನು ಹಿಂದಕ್ಕೆ ಕಳಿಸುತ್ತದೆ. ಹಳತಾಗಿ, ಒದ್ದೆಯಾಗಿ, ಧೂಳು ಮತ್ತು ಪೈನ್ ಎಲೆ ಬಿದ್ದು ಮಾಸಿದ ಹಿಮ ಅದರ ಅರ್ಧದಷ್ಟನ್ನು ಮಾತ್ರ ಕಳಿಸಿ ಉಳಿದದ್ದನ್ನು ಹೀರುತ್ತದೆ. ಮಾಸಿದಷ್ಟೂ ಕರಗುವ ವೇಗ ಹೆಚ್ಚು.

ಚಾರಣಿಗ ನಿಜವಾಗಿ ಅರಿಯಬೇಕಾದದ್ದು ರಾತ್ರಿಯ ಕೆಲಸ. ಹಿಮದ ಮೇಲ್ಮೈ ಹೆಪ್ಪುಗಟ್ಟಲು ಗಾಳಿಯ ಉಷ್ಣಾಂಶ ಸೊನ್ನೆಗಿಂತ ಕೆಳಗೆ ಇಳಿಯಲೇಬೇಕೆಂದಿಲ್ಲ. ಆಕಾಶ ತಿಳಿಯಾಗಿದ್ದರೆ ಹಿಮ ತನ್ನ ಶಾಖವನ್ನು ಮೇಲಕ್ಕೆ ಸೂಸಿ, ಗಾಳಿ ಎರಡು ಮೂರು ಡಿಗ್ರಿಯಲ್ಲಿದ್ದಾಗಲೂ ತಾನು ಹೆಪ್ಪಾಗಬಲ್ಲದು. ಮೋಡ ಕವಿದ ರಾತ್ರಿ ಹಾಗಲ್ಲ. ಮೋಡ ಕಂಬಳಿಯಂತೆ ಆ ಶಾಖವನ್ನು ತಡೆದು ಹಿಂದಿರುಗಿಸುತ್ತದೆ. ಬೆಳಗಾದಾಗ ಮೇಲೆ ಹಾಲಿನ ಕೆನೆಯಷ್ಟು ತೆಳುವಾದ ಹೊರಪದರ, ಅದರ ಕೆಳಗೆ ನಿನ್ನೆಯ ಒದ್ದೆ ರವೆ. ಡೇರೆಯಿಂದ ಹೊರಗೆ ಬಂದವನು ಕೆನೆ ಹೊಳೆಯುವುದನ್ನು ನೋಡಿ ಹಿಮ ಗಟ್ಟಿಯಾಗಿದೆ ಎಂದುಕೊಂಡರೆ ಮೊದಲ ಹೆಜ್ಜೆಯಲ್ಲೇ ಮೊಣಕಾಲಿನವರೆಗೆ ಇಳಿಯುತ್ತಾನೆ. ಆದ್ದರಿಂದ ರಾತ್ರಿ ಎರಡಕ್ಕೋ ಮೂರಕ್ಕೋ ಎದ್ದಾಗ ನಕ್ಷತ್ರಗಳು ಕಾಣುತ್ತಿವೆಯೇ ಎಂದು ನೋಡಿ ಮಲಗುವುದು ಒಳ್ಳೆಯ ಅಭ್ಯಾಸ. ನನ್ನ ಮಟ್ಟಿಗೆ, ಮೊಬೈಲಿನ ಹವಾಮಾನ ಮುನ್ಸೂಚನೆಗಿಂತ ಆ ಒಂದು ನೋಟ ಮರುದಿನದ ದಾರಿಯ ಬಗ್ಗೆ ಹೆಚ್ಚು ಹೇಳುತ್ತದೆ.

ಇಳಿಜಾರಿನ ದಿಕ್ಕೂ ಲೆಕ್ಕಕ್ಕೆ ಬರುತ್ತದೆ. ಪೂರ್ವಕ್ಕೆ ಮುಖ ಮಾಡಿದ ಇಳಿಜಾರು ಎಲ್ಲಕ್ಕಿಂತ ಮೊದಲು ಮೆತ್ತಗಾಗುತ್ತದೆ, ಆಮೇಲೆ ದಕ್ಷಿಣದ್ದು, ಇಳಿಹೊತ್ತಿಗೆ ಪಶ್ಚಿಮದ್ದು. ಉತ್ತರಮುಖಿ ಇಳಿಜಾರಿನಲ್ಲಿ ಏಪ್ರಿಲ್‌ನಲ್ಲೂ ಜನವರಿಯ ಹಿಮ ಉಳಿದಿರಬಹುದು. ಒಂದೇ ಬೆಟ್ಟದ ಒಂದು ಮಗ್ಗುಲಲ್ಲಿ ಒಣಹುಲ್ಲು, ಇನ್ನೊಂದು ಮಗ್ಗುಲಲ್ಲಿ ಸೊಂಟದೆತ್ತರದ ಹಿಮ ಕಾಣುವುದು ಮಾರ್ಚ್‌ನಲ್ಲಿ ಸಾಮಾನ್ಯ.

ಚೋಪ್ಟಾದಿಂದ ತುಂಗನಾಥಕ್ಕೆ

ಈ ಎಲ್ಲ ಬದಲಾವಣೆಗಳನ್ನು ಒಂದೇ ದಾರಿಯಲ್ಲಿ ಕಾಣಬೇಕೆಂದರೆ ಉತ್ತರಾಖಂಡದ ರುದ್ರಪ್ರಯಾಗ ಜಿಲ್ಲೆಯ ಚೋಪ್ಟಾಕ್ಕೆ ಹೋಗಬೇಕು. ಪಂಚಕೇದಾರಗಳಲ್ಲಿ ಅತಿ ಎತ್ತರದಲ್ಲಿರುವ ತುಂಗನಾಥ ದೇವಾಲಯ 3,680 ಮೀಟರ್‌ನಲ್ಲಿದೆ. ಚೋಪ್ಟಾದಿಂದ ಅಲ್ಲಿಗೆ ಕಲ್ಲು ಹಾಸಿದ ದಾರಿ, ನಾಲ್ಕು ಕಿಲೋಮೀಟರ್‌ಗಿಂತ ಕಡಿಮೆ, ಏರುವುದು ಸುಮಾರು ಒಂದು ಸಾವಿರ ಮೀಟರ್. ಬೇಸಿಗೆಯಲ್ಲಿ ವಯಸ್ಸಾದವರೂ ಕೋಲೂರಿಕೊಂಡು ಹತ್ತುವ ದಾರಿ ಇದು. ಚಳಿಗಾಲದಲ್ಲಿ ದೇವಾಲಯದ ಬಾಗಿಲು ಮುಚ್ಚಿರುತ್ತದೆ. ಉತ್ಸವಮೂರ್ತಿಯನ್ನು ಕೆಳಗಿನ ಮಕ್ಕೂಮಠಕ್ಕೆ ಕರೆತಂದಿರುತ್ತಾರೆ, ಪೂಜೆ ಅಲ್ಲೇ ನಡೆಯುತ್ತದೆ.

ಮಾರ್ಚ್ ತಿಂಗಳ ನಡುವಿನಲ್ಲಿ ದಾರಿಯ ಕೆಳಭಾಗದ ಕಾಡಿನಲ್ಲಿ ಬುರಾಂಶ್ ಅರಳಲು ತೊಡಗಿರುತ್ತದೆ. ಇದು ಉತ್ತರಾಖಂಡದ ರಾಜ್ಯವೃಕ್ಷ. ಕೆಂಪು ಹೂಗಳು ಉದುರಿ ಬಿದ್ದ ಕಡೆ ಹಿಮ ಬೇಗ ಕುಳಿಯಾಗುತ್ತದೆ, ಏಕೆಂದರೆ ಬಣ್ಣವಿರುವ ಯಾವ ವಸ್ತುವಾದರೂ ಬಿಳಿ ಹಿಮಕ್ಕಿಂತ ಹೆಚ್ಚು ಬಿಸಿಲು ಹೀರುತ್ತದೆ. ಮರದ ಬುಡಗಳ ಸುತ್ತಲೂ, ಬಂಡೆಗಳ ಸುತ್ತಲೂ ಹೀಗೆಯೇ ಹಿಮ ಒಳಗೊಳಗೇ ಕರಗಿ ಟೊಳ್ಳಾಗಿರುತ್ತದೆ. ವಿಶ್ರಾಂತಿಗೆಂದು ಬಂಡೆಯ ಪಕ್ಕ ಕಾಲಿಟ್ಟವರು ಸೊಂಟದವರೆಗೆ ಕುಸಿಯುವುದು ಈ ಟೊಳ್ಳಿನಿಂದ.

ದಾರಿಯ ಮಧ್ಯದಲ್ಲಿ ಚಳಿಗಾಲವಿಡೀ ನೂರಾರು ಜನ ತುಳಿದು ಹಿಮ ಒತ್ತಾಗಿ ಗಟ್ಟಿಯಾಗಿರುತ್ತದೆ. ಬಿಸಿಲಿಗೆ ಎರಡೂ ಬದಿಯ ಮೆದು ಹಿಮ ತಗ್ಗಿದಾಗ ತುಳಿದ ಭಾಗ ಮಾತ್ರ ಗದ್ದೆಯ ಬದುವಿನಂತೆ ಎತ್ತರಿಸಿ ನಿಲ್ಲುತ್ತದೆ, ಒಂದು ಪಾದದಷ್ಟೇ ಅಗಲ. ಬದುವಿನ ಮೇಲೆ ನಡೆದಷ್ಟು ಹೊತ್ತು ನಿರಾಳ, ಹೆಜ್ಜೆ ಅರ್ಧ ಅಡಿ ಆಚೆ ಬಿದ್ದರೆ ಕಾಲು ಒಳಗೆ. ಎದುರಿನಿಂದ ಬರುವವರಿಗೆ ದಾರಿ ಬಿಡುವಾಗ ಇದು ಹೆಚ್ಚಾಗಿ ಆಗುತ್ತದೆ. ಹೀಗೆ ಹೂತ ಕಾಲನ್ನು ಎಳೆದುಕೊಳ್ಳುವಾಗ ಮೊಣಕಾಲು ತಿರುಚುತ್ತದೆ, ಒಳಗಿನ ಕಲ್ಲಿಗೆ ಮೊಳಕಾಲ ಮೂಳೆ ತಾಗುತ್ತದೆ. ಹಿಂದಿರುಗುವಾಗಿನ ಗಾಯಗಳು ಸಾಮಾನ್ಯವಾಗಿ ಇಂಥವು.

ಕಾಡು ದಾಟಿ ಬುಗ್ಯಾಲಿಗೆ ಬಂದ ಮೇಲೆ ಕಲ್ಲುಹಾಸು ಅಲ್ಲಲ್ಲಿ ಬರಿದಾಗಿ ಕಾಣುತ್ತದೆ. ಹಿಮ ಮುಗಿಯಿತು ಎಂದು ಮನಸ್ಸು ಹಗುರಾಗುವ ಈ ಜಾಗಗಳಲ್ಲೇ ಎಚ್ಚರ ಬೇಕು. ಹಗಲು ಮೇಲಿನ ಹಿಮ ಕರಗಿ ಕಲ್ಲಿನ ಮೇಲೆ ಹರಿದ ನೀರು ರಾತ್ರಿ ಗಾಜಿನ ಹಾಳೆಯಂತೆ ಹೆಪ್ಪಾಗಿರುತ್ತದೆ. ಅದಕ್ಕೆ ಬಣ್ಣವಿಲ್ಲ, ಕಲ್ಲು ಬರೀ ಒದ್ದೆಯಾಗಿದೆ ಎನಿಸುತ್ತದೆ. ಬಿಸಿಲು ತಡವಾಗಿ ತಲುಪುವ ತಿರುವುಗಳಲ್ಲಿ ಹತ್ತು ಗಂಟೆಯಾದರೂ ಅದು ಹಾಗೆಯೇ ಇರುತ್ತದೆ. ಕೋಲಿನ ತುದಿಯಿಂದ ತಟ್ಟಿದರೆ ಒದ್ದೆ ಕಲ್ಲು ಮತ್ತು ಹೆಪ್ಪುಗಟ್ಟಿದ ಕಲ್ಲಿನ ಸದ್ದಿನ ವ್ಯತ್ಯಾಸ ತಿಳಿಯುತ್ತದೆ.

ದೇವಾಲಯದಿಂದ ಮೇಲೆ, ಸುಮಾರು 4,000 ಮೀಟರ್ ಎತ್ತರದ ಚಂದ್ರಶಿಲೆಯ ಕಡೆಗೆ, ಕಲ್ಲುಹಾಸು ಇಲ್ಲ. ತುದಿಯ ಹತ್ತಿರ ಗಾಳಿ ಹಿಮವನ್ನು ಒಂದೇ ದಿಕ್ಕಿಗೆ ಒಯ್ದು ಗುಡ್ಡೆ ಹಾಕಿರುತ್ತದೆ. ಸೂರ್ಯೋದಯಕ್ಕೆ ಅಲ್ಲಿ ನಿಂತರೆ ಚೌಖಂಬಾ ಮತ್ತು ಕೇದಾರನಾಥ ಶಿಖರಗಳು ಎದುರಿಗೇ ಇರುತ್ತವೆ. ಆ ನೋಟಕ್ಕಾಗಿ ಕತ್ತಲಲ್ಲೇ ಹೊರಡುವವರಿಗೆ ಗಟ್ಟಿ ಹಿಮದ ಲಾಭವೂ ಸಿಗುತ್ತದೆ. ಎಂಟಕ್ಕೆ ಹೊರಟವರು ಹಿಂತಿರುಗುವಾಗ ರವೆಯಲ್ಲಿ ಕಾಲು ಕೀಳುತ್ತಾರೆ.

ಅಪಾಯಗಳು

ಮೊದಲನೆಯದು ಜಾರುವಿಕೆ. ಜನ ಹಿಮಕುಸಿತಕ್ಕೆ ಹೆದರುವಷ್ಟು ಇದಕ್ಕೆ ಹೆದರುವುದಿಲ್ಲ, ಹೆದರಬೇಕು. ಬೆಳಗಿನ ಗಟ್ಟಿ ಹಿಮದ ಮೇಲೆ, ಕಡಿದಾದ ಇಳಿಜಾರಿನಲ್ಲಿ ಜಾರಿದ ದೇಹ ಕೆಲವೇ ಸೆಕೆಂಡುಗಳಲ್ಲಿ ನಿಲ್ಲಿಸಲಾಗದ ವೇಗ ಪಡೆಯುತ್ತದೆ. ನುಣುಪಾದ ಜರ್ಕಿನ್ ಮತ್ತು ಪ್ಯಾಂಟು ಅದನ್ನು ಇನ್ನೂ ಹೆಚ್ಚಿಸುತ್ತವೆ. ಎಷ್ಟು ಕಡಿದು ಎನ್ನುವುದಕ್ಕಿಂತ ಕೆಳಗೆ ಏನಿದೆ ಎನ್ನುವುದನ್ನು ನೋಡಬೇಕು. ಬಯಲಿದ್ದರೆ ಬಿದ್ದವರು ಎದ್ದು ನಗುತ್ತಾರೆ, ಬಂಡೆಯೋ ಪ್ರಪಾತವೋ ಇದ್ದರೆ ಹಾಗಾಗುವುದಿಲ್ಲ.

ಹಿಮಕುಸಿತಗಳು ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಹೊರಡುತ್ತವೆ. ಇದಕ್ಕಿಂತ ಕಡಿದಾದಲ್ಲಿ ಹಿಮ ನಿಲ್ಲದೆ ಆಗಾಗ ಉದುರಿಹೋಗುತ್ತದೆ, ಇದಕ್ಕಿಂತ ಸಪಾಟಾದಲ್ಲಿ ಜಾರುವುದು ಕಡಿಮೆ. ವಸಂತಾರಂಭದಲ್ಲಿ ಎರಡು ಬಗೆ ಕೂಡಿ ಬರುತ್ತವೆ. ಒಂದು, ಹೊಸ ಹಿಮ ಒಂದೆರಡು ದಿನ ಎಡೆಬಿಡದೆ ಬಿದ್ದಾಗ ಹಳೆಯ ಪದರದ ಮೇಲೆ ಅದು ಹಿಡಿತವಿಲ್ಲದೆ ಜಾರುವುದು. ಇನ್ನೊಂದು, ಕರಗಿದ ನೀರು ಹಿಮದೊಳಗೆ ಇಳಿದು ಪದರಗಳ ನಡುವೆ ಸೇರಿ, ಒದ್ದೆಯಾದ ಭಾರೀ ರಾಶಿ ನಿಧಾನವಾಗಿ, ಆದರೆ ಸಿಮೆಂಟಿನಂಥ ಭಾರದಿಂದ ಇಳಿದು ಬರುವುದು. ಇಳಿಜಾರಿನಲ್ಲಿ ಹಿಮದ ಉಂಡೆಗಳು ತಾವಾಗಿ ಉರುಳಿ ಚಕ್ರದ ಗುರುತು ಬಿಡುತ್ತಿದ್ದರೆ ಒದ್ದೆ ಹಿಮ ಸಡಿಲವಾಗುತ್ತಿದೆ ಎಂದರ್ಥ, ಅದರ ಕೆಳಗೆ ನಿಲ್ಲಬಾರದು. ಕಾಲಡಿಯಲ್ಲಿ ‘ಧುಪ್’ ಎಂದು ಪದರ ಕೂರುವ ಸದ್ದು ಕೇಳಿದರೂ ಹಾಗೆಯೇ.

2025ರ ಫೆಬ್ರವರಿ 28ರಂದು ಬದರಿನಾಥದ ಬಳಿಯ ಮಾಣಾದಲ್ಲಿ ಗಡಿರಸ್ತೆಯ ಕಾರ್ಮಿಕರ ಶಿಬಿರದ ಮೇಲೆ ಹಿಮಕುಸಿತವಾದದ್ದು ಭಾರೀ ಹಿಮಪಾತದ ನಡುವೆ. 54 ಜನ ಸಿಕ್ಕಿಕೊಂಡರು, 46 ಜನರನ್ನು ಬದುಕಿಸಲಾಯಿತು, ಎಂಟು ಜನ ತೀರಿಕೊಂಡರು. ಹಿಮದಡಿ ಹೂತವರಿಗೆ ಮೊದಲ 10–15 ನಿಮಿಷಗಳೇ ಎಲ್ಲ. ಆಮೇಲೆ ಉಸಿರು ಕಟ್ಟಿ ಸಾಯುವವರ ಪ್ರಮಾಣ ಬೇಗ ಏರುತ್ತದೆ. ಹೊರಗಿನ ನೆರವು ಅಷ್ಟರಲ್ಲಿ ಬರುವುದಿಲ್ಲ, ಜೊತೆಯಲ್ಲಿ ಇದ್ದವರೇ ಅಗೆಯಬೇಕು. ನಮ್ಮ ದೇಶದಲ್ಲಿ ಹಿಮಕುಸಿತದ ಅಧ್ಯಯನಕ್ಕೆಂದೇ 1969ರಲ್ಲಿ ಮನಾಲಿಯಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯೊಂದು ಆರಂಭವಾಯಿತು. 2020ರಲ್ಲಿ ಅದು ಇನ್ನೊಂದು ಪ್ರಯೋಗಾಲಯದೊಂದಿಗೆ ಸೇರಿ ಡಿಜಿಆರ್‌ಇ ಆಗಿದೆ. ಅದು ಜಿಲ್ಲಾವಾರು ಮುನ್ನೆಚ್ಚರಿಕೆ ಕೊಡುತ್ತದೆ, ಹೊರಡುವ ಮೊದಲು ಅದನ್ನು ನೋಡುವ ಚಾರಣಿಗರು ಇನ್ನೂ ಕಡಿಮೆ.

ಹಳ್ಳದ ಮೇಲಿನ ಹಿಮಸೇತುವೆ ಈ ಕಾಲದ ವಿಶೇಷ ಬಲೆ. ಚಳಿಗಾಲದಲ್ಲಿ ಗಧೇರಾಗಳು ಹಿಮಕುಸಿತದ ರಾಶಿಯಿಂದ ತುಂಬಿಹೋಗುತ್ತವೆ, ವಸಂತದಲ್ಲಿ ನೀರು ಅಡಿಯಿಂದ ಕೊರೆಯುತ್ತ ಹೋಗುತ್ತದೆ. ಮೇಲೆ ನೋಡಿದರೆ ಸಮತಟ್ಟು, ಕೆಳಗೆ ಪೊಳ್ಳು. ಮಧ್ಯಭಾಗ ಸ್ವಲ್ಪ ಜೋತು ಬಿದ್ದಿದ್ದರೆ, ಬೂದುಬಣ್ಣಕ್ಕೆ ತಿರುಗಿದ್ದರೆ, ಕಿವಿಗೊಟ್ಟಾಗ ನೀರಿನ ಮೊರೆತ ಹತ್ತಿರ ಕೇಳಿದರೆ ಬೇರೆ ಕಡೆ ದಾಟಬೇಕು. ದಾಟಲೇಬೇಕಾದರೆ ಬೆಳಿಗ್ಗೆ, ಒಬ್ಬೊಬ್ಬರಾಗಿ, ಬೆನ್ನಚೀಲದ ಸೊಂಟಪಟ್ಟಿ ಬಿಚ್ಚಿ, ಕೋಲಿನಿಂದ ಚುಚ್ಚಿ ನೋಡುತ್ತ. ಏಣಿನ ತುದಿಯಲ್ಲಿ ಗಾಳಿ ಕಟ್ಟಿದ ಹಿಮ ಮನೆಯ ಸೂರಿನಂತೆ ಆಚೆಗೆ ಚಾಚಿರುತ್ತದೆ. ಫೋಟೊಕ್ಕೆಂದು ಅದರ ಅಂಚಿಗೆ ಹೋದವರು ನೆಲದ ಮೇಲಲ್ಲ, ಗಾಳಿಯ ಮೇಲೆ ನಿಂತಿರುತ್ತಾರೆ.

ಒದ್ದೆ ಚಳಿಯ ಬಗ್ಗೆ ನಮ್ಮಲ್ಲಿ ತಪ್ಪು ತಿಳಿವಳಿಕೆ ಇದೆ. ಮೈನಸ್ ಹತ್ತು ಡಿಗ್ರಿಯ ಒಣ ಚಳಿಗಿಂತ ಸೊನ್ನೆಯಿಂದ ಐದು ಡಿಗ್ರಿಯ ನಡುವೆ ಬೀಳುವ ಒದ್ದೆ ಹಿಮ, ಅದರ ಜೊತೆಗೆ ಗಾಳಿ, ದೇಹವನ್ನು ಬೇಗ ಸೋಲಿಸಬಹುದು. ಒಣ ಹಿಮವನ್ನು ಬಟ್ಟೆಯಿಂದ ಕೊಡವಬಹುದು, ಒದ್ದೆ ಹಿಮ ಒಳಗಿಳಿಯುತ್ತದೆ. ಒಳಮೈಯ ಉಷ್ಣಾಂಶ 35 ಡಿಗ್ರಿಗಿಂತ ಕೆಳಗಿಳಿದರೆ ಮೊದಲು ನಡುಕ, ಆಮೇಲೆ ತೊದಲು, ಎಡವು, ಹಟ. ಕೊನೆಗೆ ನಡುಕವೇ ನಿಂತುಹೋಗುತ್ತದೆ, ಅದು ಸುಧಾರಣೆಯಲ್ಲ. ಕೆಲವರು ಆ ಹಂತದಲ್ಲಿ ಸೆಕೆ ಎಂದು ಬಟ್ಟೆ ಕಳಚುವುದೂ ಉಂಟು.

ಕಣ್ಣಿನ ವಿಷಯ ಚಿಕ್ಕದು, ಆದರೆ ಮರೆಯುವಂಥದಲ್ಲ. ಎತ್ತರ ಏರಿದಂತೆ ನೇರಳಾತೀತ ಕಿರಣ ಸಾವಿರ ಮೀಟರ್‌ಗೆ ಸುಮಾರು ಶೇಕಡಾ ಹತ್ತರಷ್ಟು ಹೆಚ್ಚುತ್ತದೆ, ಹಿಮ ಅದನ್ನು ಕೆಳಗಿನಿಂದಲೂ ಮುಖಕ್ಕೆ ಎರಚುತ್ತದೆ. ಕಪ್ಪು ಕನ್ನಡಕವಿಲ್ಲದೆ ಒಂದು ದಿನ ನಡೆದವರಿಗೆ ಆ ರಾತ್ರಿ ಕಣ್ಣಿಗೆ ಮರಳು ಹಾಕಿ ಉಜ್ಜಿದಂಥ ನೋವು. ತೆಳು ಮೋಡವಿದ್ದ ದಿನವೂ ಇದಕ್ಕೆ ವಿನಾಯಿತಿಯಿಲ್ಲ. ಕನ್ನಡಕ ಒಡೆದರೆ ರಟ್ಟಿನಲ್ಲಿ ಸಣ್ಣ ಸೀಳು ಮಾಡಿ ಕಟ್ಟಿಕೊಳ್ಳಬಹುದು. ಉತ್ತರಧ್ರುವ ಪ್ರದೇಶದ ಇನ್ಯೂಟ್ ಜನ ಮೂಳೆ ಮತ್ತು ಮರದಲ್ಲಿ ಇಂಥದ್ದನ್ನೇ ಕೆತ್ತಿಕೊಳ್ಳುತ್ತಿದ್ದರು.

ಸಲಕರಣೆ

ಕಾಶ್ಮೀರದ ಹಳ್ಳಿಗರು ಹಿಂದೆ ಹಿಮದ ಮೇಲೆ ನಡೆಯಲು ಭತ್ತದ ಹುಲ್ಲು ಹೆಣೆದ ‘ಪುಲ್‌ಹೋರ್’ ತೊಡುತ್ತಿದ್ದರು. ಹುಲ್ಲು ಒರಟಾದ್ದರಿಂದ ಜಾರುವುದಿಲ್ಲ, ಸವೆದರೆ ಮನೆಯಲ್ಲೇ ಹೊಸದು. ಇಂದಿನ ಚಾರಣಿಗ ಬೂಟಿನ ಮೇಲೆ ಎಳೆದು ಹಾಕುವ ರಬ್ಬರ್ ಪಟ್ಟಿ ಮತ್ತು ಉಕ್ಕಿನ ಮುಳ್ಳುಗಳ ಸಾಧನ ಮೈಕ್ರೋಸ್ಪೈಕ್. ಕೇದಾರಕಂಠದ ದಾರಿಯ ಸಾಂಕ್ರಿ ಹಳ್ಳಿ, ಮನಾಲಿಗಳಲ್ಲಿ ಬಾಡಿಗೆಗೆ ಕೊಡುವವರು ಇದನ್ನೇ ಕ್ರಾಂಪಾನ್ ಎನ್ನುತ್ತಾರೆ. ನಿಜವಾದ ಕ್ರಾಂಪಾನ್ ಬೇರೆ. ಗಟ್ಟಿ ಅಟ್ಟೆಯ ಪರ್ವತಾರೋಹಣದ ಬೂಟಿಗೆ ಬಿಗಿಯುವ, ಉದ್ದ ಹಲ್ಲುಗಳ ಚೌಕಟ್ಟು ಅದು. ಹತ್ತು ಹಲ್ಲಿನ ಆಧುನಿಕ ಕ್ರಾಂಪಾನನ್ನು 1908ರಲ್ಲಿ ರೂಪಿಸಿದವನು ಇಂಗ್ಲೆಂಡಿನ ಎಂಜಿನಿಯರ್ ಆಸ್ಕರ್ ಎಕೆನ್‌ಸ್ಟೈನ್. ಅದಕ್ಕೆ 1929ರಲ್ಲಿ ಮುಂದಿನ ಹಲ್ಲುಗಳನ್ನು ಸೇರಿಸಿದವನು ಇಟಲಿಯ ಲೋರಾಂ ಗ್ರಿವೆಲ್. ಕ್ರಾಂಪಾನಿಗೂ ಮೈಕ್ರೋಸ್ಪೈಕಿಗೂ ಇರುವ ವ್ಯತ್ಯಾಸ ತಿಳಿಯದೆ ಮೈಕ್ರೋಸ್ಪೈಕ್ ತೊಟ್ಟು ಕಡಿದಾದ ಗಟ್ಟಿ ಇಳಿಜಾರಿಗೆ ಇಳಿಯುವುದು ತಪ್ಪು.

ಮೆದು ಹಿಮದಲ್ಲಿ ಮುಳ್ಳುಗಳಿಂದ ಉಪಯೋಗವಿಲ್ಲ. ಒದ್ದೆ ಹಿಮ ಅವುಗಳ ನಡುವೆ ಉಂಡೆಗಟ್ಟಿ ಎತ್ತರದ ಹಿಮ್ಮಡಿಯಂತಾಗಿ ಕಾಲು ಉಳುಕಿಸುತ್ತದೆ, ಆಗಾಗ ಕೋಲಿನಿಂದ ತಟ್ಟಿ ಬೀಳಿಸಬೇಕು. ಬೂಟಿನೊಳಗೆ ಹಿಮ ನುಗ್ಗದಂತೆ ಮೊಣಕಾಲಿನವರೆಗಿನ ಗೇಟರ್, ಅಗಲವಾದ ಬಿಲ್ಲೆಯಿರುವ ಕೋಲು, ಒಣ ಕಾಲುಚೀಲ ಮತ್ತು ಕೈಗವಸಿನ ಇನ್ನೊಂದು ಜೊತೆ ಇವುಗಳನ್ನು ಬಿಡುವಂತಿಲ್ಲ. ಸಲಕರಣೆಗಿಂತ ಹೆಚ್ಚಿನದು ಅಭ್ಯಾಸ. ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆ (ಸ್ಥಾಪನೆ 1965) ಮತ್ತು ಮನಾಲಿಯ ಸಂಸ್ಥೆಗಳ ಸುಮಾರು ನಾಲ್ಕು ವಾರದ ಮೂಲಭೂತ ಶಿಬಿರಗಳಲ್ಲಿ ಹಿಮದ ಮೇಲೆ ನಡೆಯುವುದು, ಬಿದ್ದಾಗ ತಡೆದುಕೊಳ್ಳುವುದು ಇವನ್ನು ಕೈಹಿಡಿದು ಕಲಿಸುತ್ತಾರೆ.

ಕುರಿಗಾಹಿಗಳ ಲೆಕ್ಕ

ಈ ದಾರಿಗಳನ್ನು ಚಾರಣಿಗರಿಗಿಂತ ಬಹಳ ಹಿಂದೆ ಬಳಸಿದವರು ಕುರಿ, ಎಮ್ಮೆ ಕಾಯುವವರು. ಹಿಮಾಚಲದ ಗದ್ದಿ ಜನ ಚಳಿಗಾಲವನ್ನು ಕಾಂಗ್ರಾದ ತಗ್ಗುಬೆಟ್ಟಗಳಲ್ಲಿ ಕಳೆದು, ಹುಲ್ಲು ಚಿಗುರುವ ಹೊತ್ತಿಗೆ ಧೌಲಾಧಾರ್ ಸಾಲಿನ ಕಣಿವೆದಾರಿಗಳನ್ನು ದಾಟಿ ಚಂಬಾ ಮತ್ತು ಲಾಹೌಲ್ ಕಡೆಗೆ ಮಂದೆ ನಡೆಸುತ್ತಾರೆ. 4,342 ಮೀಟರ್ ಎತ್ತರದ ಇಂದ್ರಹಾರ್ ಅಂಥ ಒಂದು ಕಣಿವೆದಾರಿ. ಕುರಿಯ ಗೊರಸು ಚಿಕ್ಕದು, ಮೆದು ಹಿಮದಲ್ಲಿ ಹೊಟ್ಟೆಯವರೆಗೆ ಇಳಿಯುತ್ತದೆ. ಅದರಿಂದ ಮಂದೆಯನ್ನು ಕಣಿವೆದಾರಿಯ ಬುಡದಲ್ಲಿ ತಂಗಿಸಿ, ಹೊರಪದರ ಗಟ್ಟಿಯಿರುವಾಗಲೇ ದಾಟಿಸಬೇಕು. ಹಿಮವಿಜ್ಞಾನ ಲೆಕ್ಕ ಹಾಕಿ ಹೇಳುವ ಮಾತು ಇವರಿಗೆ ಕುರಿಯ ಕಾಲಿನಿಂದ ತಿಳಿದಿತ್ತು.

ಬೇರೆ ನಾಡುಗಳಲ್ಲಿ

ನಾರ್ವೆಯಲ್ಲಿ ಈಸ್ಟರ್ ರಜೆಯೆಂದರೆ ಹಿಮದ ಬೆಟ್ಟಕ್ಕೆ ಹೋಗುವ ಕಾಲ. 1967ರ ಈಸ್ಟರ್‌ನಲ್ಲಿ 18 ಜನ ಬೆಟ್ಟಗಳಲ್ಲಿ ಸತ್ತ ಮೇಲೆ ಅಲ್ಲಿನ ರೆಡ್‌ಕ್ರಾಸ್ ಮತ್ತು ಪ್ರವಾಸಿ ಸಂಘ ‘ಬೆಟ್ಟದ ವಿವೇಕ’ದ ಒಂಬತ್ತು ನಿಯಮಗಳನ್ನು ಮನೆಮನೆಗೆ ಮುಟ್ಟಿಸಿದವು. ಹೊತ್ತಿಗೆ ಸರಿಯಾಗಿ ಹಿಂತಿರುಗುವುದರಲ್ಲಿ ನಾಚಿಕೆಯಿಲ್ಲ ಎಂಬ ಅರ್ಥದ ನಿಯಮ ಅಲ್ಲಿನ ಮಕ್ಕಳಿಗೂ ಬಾಯಿಪಾಠ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಮೌಂಟ್ ವಾಷಿಂಗ್ಟನ್ 1,917 ಮೀಟರ್, ಅಂದರೆ ನಮ್ಮ ಮುಳ್ಳಯ್ಯನಗಿರಿಗಿಂತ ತುಸು ಕಡಿಮೆ. ಅದರ ತುದಿಯಲ್ಲಿ 1934ರ ಏಪ್ರಿಲ್ 12ರಂದು ಗಂಟೆಗೆ 372 ಕಿಲೋಮೀಟರ್ ವೇಗದ ಗಾಳಿ ದಾಖಲಾಯಿತು. ಏಪ್ರಿಲ್ ಎಂದರೆ ಚಳಿಗಾಲ ಮುಗಿಯಿತು ಎನ್ನುವವರಿಗೆ ಅಲ್ಲಿಯವರು ಈ ದಿನಾಂಕ ತೋರಿಸುತ್ತಾರೆ.

ಜಪಾನಿನ ರೂಢಿ ಇವೆಲ್ಲಕ್ಕಿಂತ ನನಗೆ ಹತ್ತಿರದ್ದು. ಕರಗುತ್ತಿರುವ ಹಿಮ ಮತ್ತು ಬರಿದಾದ ಬಂಡೆ ಸೇರಿ ಬೆಟ್ಟದ ಮೈಮೇಲೆ ಮೂಡುವ ಆಕೃತಿಗಳನ್ನು ಅಲ್ಲಿ ‘ಯುಕಿಗಾತಾ’ ಎನ್ನುತ್ತಾರೆ. 2,932 ಮೀಟರ್ ಎತ್ತರದ ಶಿರೋಉಮಾ ಬೆಟ್ಟದಲ್ಲಿ ಕುದುರೆಯ ಆಕಾರ ಕಾಣಿಸಿದಾಗ ಗದ್ದೆ ಕೆಸರು ಮಾಡುವ ಕಾಲ ಬಂತು ಎಂದು ಕೆಳಗಿನ ರೈತರು ತಿಳಿಯುತ್ತಿದ್ದರು. ಬೆಟ್ಟಕ್ಕೆ ಹೆಸರು ಬಂದದ್ದೂ ಆ ಕುದುರೆಯಿಂದ. ಅಶ್ವಿನಿ, ಭರಣಿ ಎಂದು ಮಳೆ ಎಣಿಸುವ ನಮ್ಮ ಒಕ್ಕಲಿಗೆ ಇದು ಅಪರಿಚಿತ ಬುದ್ಧಿಯಲ್ಲ.

ಕನ್ನಡಿಗರು

ಕರ್ನಾಟಕದ ಚಾರಣಿಗ ಕುಮಾರಪರ್ವತ, ಕುದುರೆಮುಖಗಳಲ್ಲಿ ಜಿಗಣೆ, ಕೆಸರು, ಸೆಕೆಯನ್ನು ಕಂಡವನು. ಹಿಮ ಅವನಿಗೆ ಮೊದಲ ಸಲ ಹಿಮಾಲಯದಲ್ಲೇ ಸಿಗುವುದು. ಕೇದಾರಕಂಠಕ್ಕೆ ಹೊರಡುವ ಸಾಂಕ್ರಿ ಹಳ್ಳಿಯೇ ಸುಮಾರು 1,950 ಮೀಟರ್ ಎತ್ತರದಲ್ಲಿದೆ. ನಮ್ಮ ನಾಡಿನ ಅತಿ ಎತ್ತರದ ತುದಿ ಮುಗಿಯುವ ಮಟ್ಟದಲ್ಲಿ ಅಲ್ಲಿನ ನಡಿಗೆ ಶುರುವಾಗುತ್ತದೆ. ಬೆಂಗಳೂರಿನಿಂದ ವಿಮಾನದಲ್ಲಿ ಡೆಹ್ರಾಡೂನ್, ಮರುದಿನ ಸಾಂಕ್ರಿ, ಮೂರನೆಯ ದಿನ ಹಿಮದ ಮೇಲೆ: ಈ ವೇಗಕ್ಕೆ ದೇಹ ಒಗ್ಗುವುದಿಲ್ಲ, ಹಿಮವನ್ನು ಓದಲು ಕಣ್ಣೂ ಪಳಗಿರುವುದಿಲ್ಲ. 2,500 ಮೀಟರ್ ದಾಟಿದ ಮೇಲೆ ತಲೆನೋವು, ವಾಕರಿಕೆ ಕಂಡರೆ ಅದು ಎತ್ತರದ ಕಾಯಿಲೆಯೆಂದೇ ತಿಳಿದು ಅಲ್ಲೇ ನಿಲ್ಲಬೇಕು, ಹೆಚ್ಚಾದರೆ ಇಳಿಯಬೇಕು.

ಹಿಮದ ಬಗ್ಗೆ ಕನ್ನಡ ನಾಡಿಗೆ ಎರಡು ನೋವಿನ ನೆನಪುಗಳಿವೆ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹತ್ತು ಜನ ಯೋಧರು ಹಿಮಕುಸಿತಕ್ಕೆ ಸಿಕ್ಕರು. ಅವರಲ್ಲಿ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನಗಳ ನಂತರ ಹಿಮದಡಿ ಜೀವಂತ ಸಿಕ್ಕು, ಫೆಬ್ರವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಇನ್ನೊಂದು 2024ರ ಜೂನ್ ಮೊದಲ ವಾರದ್ದು. ಉತ್ತರಾಖಂಡದ ಸಹಸ್ರತಾಲ್‌ಗೆ ಹೋಗಿದ್ದ, ಬಹುಪಾಲು ಕರ್ನಾಟಕದವರೇ ಇದ್ದ 22 ಜನರ ತಂಡ ಹಿಂತಿರುಗುವಾಗ ಹಿಮಗಾಳಿಗೆ ಸಿಕ್ಕಿತು, ಒಂಬತ್ತು ಜನ ಪ್ರಾಣ ಬಿಟ್ಟರು. ಉಳಿದವರನ್ನು ಹೆಲಿಕಾಪ್ಟರ್ ಮೂಲಕವೂ ನಡೆದೂ ಕೆಳಗೆ ತರಲಾಯಿತು. ಬಯಲುನಾಡಿನ ಲೆಕ್ಕದಲ್ಲಿ ಅದು ಬೇಸಿಗೆ. 4,000 ಮೀಟರ್ ಮೇಲೆ ಹಿಮದ ಕಾಲ ಪಂಚಾಂಗ ನೋಡಿ ಮುಗಿಯುವುದಿಲ್ಲ.

ಕಡಿಮೆಯಾಗುತ್ತಿರುವ ಹಿಮ

ಕಠ್ಮಂಡುವಿನಲ್ಲಿರುವ ಐಸಿಮೋಡ್ ಸಂಸ್ಥೆ ಪ್ರತಿವರ್ಷ ಹಿಂದೂಕುಶ್–ಹಿಮಾಲಯದ ಚಳಿಗಾಲದ ಹಿಮ ಎಷ್ಟು ದಿನ ನೆಲದ ಮೇಲೆ ನಿಂತಿತು ಎಂದು ಉಪಗ್ರಹ ಚಿತ್ರಗಳಿಂದ ಲೆಕ್ಕ ಹಾಕುತ್ತದೆ. 2024ರಲ್ಲಿ ಅದು ವಾಡಿಕೆಗಿಂತ ಶೇಕಡಾ 18.5ರಷ್ಟು ಕಡಿಮೆ ಇತ್ತು, 2025ರಲ್ಲಿ ಶೇಕಡಾ 23.6ರಷ್ಟು ಕಡಿಮೆ, ಅಲ್ಲಿಯವರೆಗಿನ 23 ವರ್ಷಗಳಲ್ಲೇ ಅತಿ ಕಡಿಮೆ. ಚಾರಣಿಗನಿಗೆ ಇದರ ಅರ್ಥ ದಾರಿ ಸುಲಭವಾಯಿತು ಎಂದಲ್ಲ. ತೆಳುವಾದ ಹಿಮ ಬಂಡೆ, ಪೊದೆಗಳ ನಡುವಿನ ಹೊಂಡಗಳನ್ನು ತುಂಬದೆ ಮುಚ್ಚಿ ಮಾತ್ರ ಇಡುತ್ತದೆ. ಕೆಳಗಿನ ಹಳ್ಳಿಗಳಿಗೆ ಇದರ ಅರ್ಥ ಇನ್ನೂ ಗಂಭೀರ. ಮೇ ತಿಂಗಳ ಬುಗ್ಗೆ ಮತ್ತು ತೊರೆಗಳ ನೀರು ಬಹುಮಟ್ಟಿಗೆ ಮಾರ್ಚ್‌ನಲ್ಲಿ ನಾವು ತುಳಿದು ನಡೆದ ಈ ಹಿಮವೇ.

ಹಿಮ ಹಿಂದೆ ಸರಿಯುವುದಕ್ಕೂ ಒಂದು ಕ್ರಮವಿದೆ. ಮೊದಲು ದಕ್ಷಿಣಮುಖಿ ಹುಲ್ಲುಗಾವಲು, ಆಮೇಲೆ ಏಣುಗಳು, ಆಮೇಲೆ ಕಾಡಿನ ನೆರಳು, ಕೊನೆಗೆ ಉತ್ತರದ ಮಗ್ಗುಲು. ಏಪ್ರಿಲ್ ಕೊನೆಗೋ ಮೇ ಮೊದಲಿಗೋ ತುಂಗನಾಥದ ಉತ್ಸವಮೂರ್ತಿ ಮಕ್ಕೂಮಠದಿಂದ ಹೊರಡುವ ಹೊತ್ತಿಗೆ ಕಲ್ಲುಹಾಸಿನ ಬಹುಭಾಗ ಒಣಗಿರುತ್ತದೆ. ಆಳದ ಕೊರಕಲುಗಳಲ್ಲಿ ಮಾತ್ರ ಹಿಮಕುಸಿತದ ಹಳೆಯ ರಾಶಿಗಳು, ಮಣ್ಣು ಮತ್ತು ಮುರಿದ ಕೊಂಬೆಗಳು ಬೆರೆತು ಬೂದುಬಣ್ಣವಾಗಿ, ಜೂನ್‌ವರೆಗೆ ಉಳಿಯುತ್ತವೆ. ಕುರಿಗಾಹಿಗಳು ನಸುಕಿನಲ್ಲಿ ಮಂದೆಯನ್ನು ಅವುಗಳ ಮೇಲೆಯೇ ದಾಟಿಸುತ್ತಾರೆ.